ತಮ್ಮನ ಬಿಸಿಲು

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಹೆಲ್ಮೆಟ್ ಹಾಕಿಕೊಂಡೇ ಬೀನ್ಸ್ ಆರಿಸುವ ಮನುಷ್ಯನನ್ನು ನೀವು ನೋಡಿದ್ದರೆ, ಅದು ನಾನು. ಕೈಗೆ ಗ್ಲೌಸು, ಕತ್ತಿಗೆ ಹೆಂಡತಿಯ ಹಳೆಯ ದುಪಟ್ಟಾ, ಹೆಲ್ಮೆಟ್ಟಿನ ಗಾಜಿಗೆ ಕಾರುಗಳಿಗೆ ಅಂಟಿಸುವ ಫಿಲ್ಮು. ಮೊದಮೊದಲು ಸೊಪ್ಪು ಮಾರುವ ಸೆಲ್ವಿ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕೇಳುತ್ತಿದ್ದಳು: "ವಂಡಿ ಎಂಗೆ ಸಾರ್? ಯಾರಾನಾ ಎತ್ಕೊಂಡು ಓಗ್ಬುಟ್ರಾ?" ಗಾಡಿ ತಂದಿಲ್ಲ, ನನಗೆ ಬಿಸಿಲು ಆಗುವುದಿಲ್ಲ ಎಂದೆ. "ಬಿಸಿಲು ಯಾರಿಗೆ ಸಾರ್ ಆಗುತ್ತೆ" ಎಂದು ದಂಟಿನ ಕಟ್ಟಿಗೆ ನೀರು ಚಿಮುಕಿಸಿ ಕೊಟ್ಟಳು.

ಬಿಸಿಲು ಆಗುವವರೂ ಇದ್ದಾರೆ. ಕ್ಯಾಸಂಬಳ್ಳಿ ಹತ್ತಿರದ ನಮ್ಮ ಊರಿನಲ್ಲಿ ಐದು ಹಸು, ಒಂದಿಷ್ಟು ಟೊಮೊಟೊ ಇಟ್ಟುಕೊಂಡಿರುವ ನನ್ನ ತಮ್ಮ ನಾರಾಯಣಸ್ವಾಮಿ ಒಬ್ಬ. ಮನೆಯಲ್ಲಿ ಅವನು ನಾಣಿ, ನಾನು ಮುನಿ. ನನಗಿಂತ ಎರಡು ವರ್ಷ ಚಿಕ್ಕವನು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬನಿಯನ್ನೂ ಇಲ್ಲದೆ ಬಗ್ಗಿ ಟೊಮೊಟೊ ಗಿಡಕ್ಕೆ ದಾರ ಕಟ್ಟುತ್ತಾನೆ. ಅವನ ಬೆನ್ನು ಎಣ್ಣೆ ಹಚ್ಚಿದ ಹಳೆಯ ಮರದ ಬಾಗಿಲಿನ ಹಾಗಿದೆ. ಒಂದು ಮಚ್ಚೆ ಇಲ್ಲ, ಒಂದು ಗೀರಿಲ್ಲ. ಕಳೆದ ಮೂರು ವರ್ಷಗಳಲ್ಲಿ ಆ ಬೆನ್ನನ್ನು ನಾನು ನೋಡಿರುವಷ್ಟು ಯಾರೂ ನೋಡಿರಲಾರರು. ಪರದೆಯ ಸಂದಿಯಿಂದ, ಹೊಟ್ಟೆ ಉರಿದುಕೊಂಡು.

ನನಗೀಗ ನಲವತ್ತೆಂಟು. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಇಲ್ಲಿಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಯಾವುದನ್ನೂ ಪುರಾವೆ ಇಲ್ಲದೆ ನಂಬುವವನಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈ ಕಾಯಿಲೆ ಬಂದ ಮೇಲೆ ಪುರಾವೆ ಕೇಳಬೇಕಾಗಿ ಬಂದದ್ದು ನನ್ನ ನೆನಪನ್ನೇ. ಆದ್ದರಿಂದ ಇಲ್ಲಿ ಬರೆದಿರುವ ಹಳೆಯ ಸಂಗತಿಗಳನ್ನೆಲ್ಲ ನಾಣಿಗೆ ಓದಿ ಹೇಳಿ, ಅವನು ಸರಿ ಎಂದ ಮೇಲೆ ಉಳಿಸಿಕೊಂಡಿದ್ದೇನೆ. ಅವನು ಸರಿಯಲ್ಲ ಎಂದ ಸಂಗತಿಯೂ ಇದೆ. ಅದು ಮುಂದೆ ಬರುತ್ತದೆ.

ಶುರುವಾದದ್ದು ಮೂಗಿನ ಎಡಬದಿಯ ಒಂದು ಗಂಟಿನಿಂದ. ಮುಖ, ಮುಂಗೈ ಮೇಲೆ ಕಪ್ಪು ಮಚ್ಚೆಗಳು ಮೊದಲಿನಿಂದಲೂ ಇದ್ದವು; ಇದು ಹೊಸದು. ಜೋಳದ ಕಾಳಿನಷ್ಟು, ನುಣ್ಣಗೆ ಹೊಳೆಯುತ್ತಿತ್ತು. ಗಡ್ಡ ಮಾಡಿಕೊಳ್ಳುವಾಗ ತಗುಲಿದರೆ ರಕ್ತ ಬರುತ್ತಿತ್ತು, ಒಣಗುತ್ತಿತ್ತು, ಮತ್ತೆ ಬರುತ್ತಿತ್ತು. ನಮ್ಮ ಕಡೆ ಕೆಮ್ಮಿಗೂ ತುರಿಕೆಗೂ ಬತ್ತಿದ ಬಾವಿಗೂ ಹೇಳುವ ಕಾರಣ ಒಂದೇ, ಸೈನೈಡ್ ಗುಡ್ಡ. ಹಳೆಯ ಗಣಿಯಲ್ಲಿ ಚಿನ್ನ ತೆಗೆದು ಉಳಿದ ಪುಡಿಯ ಆ ಗುಡ್ಡಗಳಿಂದ ಗಾಳಿ ಎದ್ದಾಗ ಒಣಗಲು ಹಾಕಿದ ಬಟ್ಟೆಯ ಮೇಲೆ ಬೂದು ಧೂಳು ಕೂರುತ್ತದೆ. ನಾನೂ ಅದನ್ನೇ ಹಿಡಿದುಕೊಂಡೆ. ಕಿಟಕಿಯ ಕಟ್ಟೆಯಿಂದ ಧೂಳು ಗೋರಿ, ಒಂದು ಬಾಟಲಿಗೆ ತುಂಬಿ, ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದೆ.

ಆಕೆ ಬಾಟಲಿಯನ್ನು ಪಕ್ಕಕ್ಕಿಟ್ಟರು. ಅಂಗಿ ಬಿಚ್ಚಲು ಹೇಳಿದರು. ಮುಂಗೈ, ಒಳತೋಳು, ಕಿವಿಯ ಹಿಂದೆ, ಸೊಂಟ, ಎಲ್ಲ ಒಂದು ಭೂತಗನ್ನಡಿಯಲ್ಲಿ ನೋಡಿದರು.

"ಮಚ್ಚೆಗಳೆಲ್ಲ ಬಿಸಿಲು ಬೀಳೋ ಕಡೆ ಮಾತ್ರ ಇವೆ ಸರ್. ಧೂಳು ಅಂಗಿ ಒಳಗೂ ಹೋಗುತ್ತಲ್ವಾ?"

ನನ್ನ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ. ನಾನೇ ಕೇಳಿಕೊಂಡಿರಲಿಲ್ಲ. ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಬಂದೆ.

ಗಂಟು ಕ್ಯಾನ್ಸರೇ ಆಗಿತ್ತು. ನಿಧಾನವಾಗಿ ಬೆಳೆಯುವ ಜಾತಿಯದು, ಕತ್ತರಿಸಿ ತೆಗೆದರೆ ಸಾಕು ಎಂದರು. ತೆಗೆದರು. ವರ್ಷ ತುಂಬುವುದರೊಳಗೆ ಬಲಗಣ್ಣಿನ ಕೆಳಗೆ ಇನ್ನೊಂದು ಬಂತು. ಆಗ ಆ ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ನಿಮ್ಮ ವಯಸ್ಸಿಗೆ, ನಿಮ್ಮ ಬಣ್ಣದ ಚರ್ಮಕ್ಕೆ ಇದು ಹೀಗೆ ಬರಬಾರದು, ಬೆಂಗಳೂರಿಗೆ ಹೋಗಿ ಜೀನ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಬಿಸಿಲಿಗೆ ಮುಖ ತೋರಿಸಬೇಡಿ ಎಂದರು. ನನ್ನ ಹೆಂಡತಿ ಶೈಲಜಾ ಪ್ರೈಮರಿ ಶಾಲೆಯ ಮೇಡಂ. ಆಸ್ಪತ್ರೆಗೆ ಅವಳೂ ಬಂದಿದ್ದಳು. ಮನೆಗೆ ಬಂದವಳೇ ಅಳತೆ ಟೇಪು ತೆಗೆದು ಕಿಟಕಿಗಳನ್ನು ಅಳೆದಳು. ಭಾನುವಾರದ ಹೊತ್ತಿಗೆ ಎಲ್ಲ ಕಿಟಕಿಗಳಿಗೂ ದಪ್ಪ ನೀಲಿ ಪರದೆ ಬಂದಿತ್ತು. ಒಂದೊಂದಕ್ಕೂ ಎರಡು ಪದರ.

ಬೆಂಗಳೂರಿಗೆ ಹೋಗುವ ದಿನ ಅವಳಿಗೆ ಪರೀಕ್ಷೆ ಡ್ಯೂಟಿ ಬಿತ್ತು. ನನ್ನನ್ನು ಕೇಳದೆ ನಾಣಿಗೆ ಫೋನು ಮಾಡಿದಳು. "ಅವನ್ಯಾಕೆ?" ಎಂದೆ. "ರೀ, ಒಬ್ಬರೇ ಹೋದ್ರೆ ಡಾಕ್ಟರ್ ಹತ್ರ ವಾದ ಮಾಡ್ಕೊಂಡು ಬರ್ತೀರ. ಅವನಾದ್ರೆ ಹೇಳಿದ್ದನ್ನ ಕೇಳಿಸ್ಕೊಂಡು ಬರ್ತಾನೆ" ಎಂದಳು.

ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿದೆವು. ನಾನು ಹೆಲ್ಮೆಟ್ಟು ಹಾಕಿಕೊಂಡು ಬಾಗಿಲಿನಿಂದ ದೂರದ ಸೀಟು ಹಿಡಿದೆ. ನಾಣಿ ಕಿಟಕಿಯ ಪಕ್ಕ ಕೂತು ಮೊಣಕೈ ಹೊರಗೆ ಹಾಕಿದ. ಟೇಕಲ್ ದಾಟುವ ಹೊತ್ತಿಗೆ ಬಿಸಿಲು ಅವನ ತೋಳಿನ ಮೇಲೆ ಬಿದ್ದಿತ್ತು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಅದನ್ನು ನೋಡಿ ನನಗೆ ಎಷ್ಟು ಸಂಕಟವಾಯಿತೆಂದರೆ, ಶಟರ್ ಎಳಿ, ನನಗೆ ಬೆಳಕು ಬೀಳುತ್ತಿದೆ ಎಂದು ಸುಳ್ಳು ಹೇಳಿದೆ. ಅವನು ತಕ್ಷಣ ಎಳೆದ. ದಾರಿಯುದ್ದಕ್ಕೂ ಕತ್ತಲಲ್ಲಿ ಕೂತ.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅವನು ಅರ್ಧ ಗಂಟೆಯಲ್ಲಿ ಮೂರು ಮನೆಯವರ ಕಥೆ ತಿಳಿದುಕೊಂಡ. ನಾನು ಎದುರಿಗಿದ್ದವರ ಮುಖದ ಮಚ್ಚೆಗಳನ್ನು ನನ್ನವುಗಳ ಜೊತೆ ಹೋಲಿಸುತ್ತಿದ್ದೆ. ಚಿಂತಾಮಣಿ ಕಡೆಯ ಒಬ್ಬಾತನಿಗೆ ಒಂದೇ ಮಚ್ಚೆ, ಅದೂ ಬೆನ್ನಿನ ಮೇಲೆ. ಅಂಗಿ ಹಾಕಿಕೊಂಡರೆ ಮುಗಿಯಿತು. ಪರಿಚಯವಿಲ್ಲದ ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂತು. ಇಂಥ ಕೋಣೆಗಳಲ್ಲಿ ಕೂತವರಿಗೆ ಈ ಸಿಟ್ಟಿನ ಪರಿಚಯವಿರುತ್ತದೆ. ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೇ.

ಒಳಗೆ ಕರೆದರು. ವಂಶದ ವಿವರ ಕೇಳಲು ಒಬ್ಬ ಯುವತಿ ಇದ್ದಳು. ದೊಡ್ಡ ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತಿದ್ದಳು.

"ತಾಯಿ ಕಡೆ ಯಾರಿಗಾದ್ರೂ ಈ ಥರ ಮಚ್ಚೆ ಇತ್ತಾ ಸರ್?"

"ತಾಯಿಯ ತಾಯಿಗೆ ಇತ್ತು. ಮುಖದ ತುಂಬ."

ಒಂದು ವೃತ್ತಕ್ಕೆ ಕಪ್ಪು ತುಂಬಿದಳು. "ತಂದೆ ಕಡೆ?"

"ತಂದೆಯ ಅಕ್ಕನಿಗೆ ಇತ್ತು. ಮೂಗಿನ ತುದಿ ಹೋಗಿತ್ತು."

ಇನ್ನೊಂದು ವೃತ್ತಕ್ಕೆ ಕಪ್ಪು ತುಂಬಿ, ಎರಡೂ ಕಡೆ ಇದೆಯಲ್ಲ ಎಂದು ಹುಬ್ಬು ಗಂಟಿಕ್ಕಿ ಡಾಕ್ಟರನ್ನು ಕರೆಯಲು ಎದ್ದಳು. ಆಗ ನಾಣಿ ಮೆಲ್ಲಗೆ ಹೇಳಿದ: "ಮೇಡಂ, ಅದು ಇಬ್ರಲ್ಲ, ಒಬ್ಳೇ. ನಮ್ಮಪ್ಪ ಮದ್ವೆ ಆಗಿದ್ದು ಅವರಕ್ಕನ ಮಗಳನ್ನ. ನಮ್ಮಜ್ಜೀನೇ ನಮ್ಮಪ್ಪನ ಅಕ್ಕ."

ಅವಳು ನಕ್ಕು ಒಂದು ವೃತ್ತವನ್ನು ಅಳಿಸಿ, ನಮ್ಮ ಅಪ್ಪ ಅಮ್ಮನ ನಡುವೆ ಜೋಡಿ ಗೆರೆ ಎಳೆದಳು. ನಮ್ಮ ಕಡೆ ಅಕ್ಕನ ಮಗಳನ್ನು ತರುವುದು ಮಾಮೂಲು. ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತಾ ನಾನು ಒಬ್ಬ ಮುದುಕಿಯನ್ನು ಇಬ್ಬರನ್ನಾಗಿ ಮಾಡಿಬಿಟ್ಟಿದ್ದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ತಿದ್ದಿದ. ಅದು ನನಗೆ ಗಂಟಿಗಿಂತ ಹೆಚ್ಚು ನೋವಾಯಿತು.

ಆಮೇಲೆ ಹಿರಿಯ ಡಾಕ್ಟರು ಬಂದು ಚಿಕ್ಕಂದಿನ ಬಗ್ಗೆ ಕೇಳಿದರು. ಬಿಸಿಲಿನಲ್ಲಿ ಆಡಿದರೆ ಬೊಬ್ಬೆ ಬರುತ್ತಿತ್ತೇ? ಎಷ್ಟು ಹೊತ್ತು ಹೊರಗಿರುತ್ತಿದ್ದಿರಿ?

"ಬೇಕಾದಷ್ಟು ಹೊತ್ತು" ಎಂದೆ. "ರಜದಲ್ಲಿ ದಿನಾ ಬೆಳಗ್ಗೆಯಿಂದ ಸಂಜೆವರೆಗೆ ಕೆರೆ ಏರಿ ಮೇಲೆ ದನ ಕಾಯುತ್ತಿದ್ದೆ. ನಾವಿಬ್ಬರೂ." ವಿವರವನ್ನೂ ಕೊಟ್ಟೆ. ಒಂದು ಕೊಂಬು ಮುರಿದ ಕೆಂದು ಹಸು, ತೂಬಿನ ಪಕ್ಕದ ಬಂಡೆ, ಬಟ್ಟೆಯಲ್ಲಿ ಕಟ್ಟಿಕೊಂಡು ಹೋದ ತಂಗಳು ಮುದ್ದೆ, ಕಚ್ಚಿಕೊಳ್ಳಲು ಈರುಳ್ಳಿ. ಒಮ್ಮೆ ಹಸು ಬೇರೆಯವರ ರಾಗಿಗೆ ನುಗ್ಗಿ, ಹೊಲದ ಯಜಮಾನ ಬೈಯುತ್ತಾ ಏರಿಯ ಕೊನೆಯವರೆಗೂ ಅಟ್ಟಿಸಿಕೊಂಡು ಬಂದದ್ದು.

ಡಾಕ್ಟರು ನಾಣಿಯ ಕಡೆ ನೋಡಿದರು. ನಾಣಿ ನೆಲ ನೋಡಿದ. "ಔದು" ಎಂದನೋ ಸುಮ್ಮನೆ ಗಂಟಲು ಸರಿಮಾಡಿಕೊಂಡನೋ ತಿಳಿಯಲಿಲ್ಲ. ಡಾಕ್ಟರು ಬರೆದುಕೊಂಡರು.

ನಮ್ಮಿಬ್ಬರ ರಕ್ತವನ್ನೂ ತೆಗೆದರು. ಫಲಿತಾಂಶಕ್ಕೆ ಆರು ವಾರ. ಆ ಆರು ವಾರ ನಾನು ಎಂಥ ಮನುಷ್ಯನಾಗಿದ್ದೆ ಎಂಬುದನ್ನು ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ನಾಣಿಯ ರಕ್ತದಲ್ಲೂ ಅದೇ ದೋಷ ಇರಲಿ ಎಂದು ನಾನು ಬಯಸಿದೆ. ಅವನಿಗೆ ಕಾಯಿಲೆ ಬರಲಿ ಅಂತಲ್ಲ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬರೀ ಕಾಗದದ ಮೇಲೆ ಇರಲಿ, ಅಷ್ಟು ಸಾಕು. ಭಾನುವಾರ ಊರಿಗೆ ಹೋದಾಗ ಅವನು ಬಾವಿಯ ಪಂಪಿನ ನೀರಿಗೆ ತಲೆ ಕೊಟ್ಟು, ಒರೆಸಿಕೊಳ್ಳದೆ ಬಿಸಿಲಿನಲ್ಲಿ ನಿಂತು ಒಣಗುತ್ತಿದ್ದ. ಒಳಗಿನಿಂದ ನೋಡುತ್ತಿದ್ದ ನನಗೆ ಅವನ ಹೆಗಲ ಮೇಲೆ ಒಂದು ಮಚ್ಚೆ ಕಂಡ ಹಾಗಾಯಿತು. ಒಳಗೆ ಬಂದಾಗ ನೋಡಿದರೆ ಟೊಮೊಟೊದ ಎಲೆ ಅಂಟಿಕೊಂಡಿತ್ತು.

"ಏನಣ್ಣ ಅಂಗ್ ನೋಡ್ತೀಯ?"

"ಎಲೆ."

"ಕಿತ್ತಾಕು."

ಕಿತ್ತು ಹಾಕಿದೆ. ಅವನ ಚರ್ಮ ಬೆಚ್ಚಗಿತ್ತು.

ಫಲಿತಾಂಶ ಹೇಳುವ ದಿನವೂ ಅವನೇ ಬಂದ. ಚೌಕ ವೃತ್ತಗಳ ಯುವತಿ ವಿವರಿಸಲು ಒಂದು ಚಿತ್ರ ಬರೆಯತೊಡಗಿದಳು. ನಾನು ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಉಳಿದದ್ದನ್ನು ಬರೆದೆ. ಎಂ.ಎಸ್ಸಿ. ಪರೀಕ್ಷೆಯಲ್ಲಿ ಇದೇ ಚಿತ್ರ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ತೆಗೆದಿದ್ದೆ ಎಂದು ನನ್ನ ನೆನಪು. ಇದಕ್ಕೆ ನಾಣಿ ಸಾಕ್ಷಿಯಲ್ಲ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ, ಇದಕ್ಕಿಂತ ಹೆಚ್ಚು ಬೇಡ. ಬಿಸಿಲು ಬಿದ್ದಾಗ ಚರ್ಮದ ಜೀವಕೋಶದೊಳಗಿನ ಡಿಎನ್ಎ ಎಳೆಯಲ್ಲಿ ಅಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಇದು ಎಲ್ಲರಿಗೂ ದಿನವೂ ಆಗುತ್ತದೆ, ನಾಣಿಗೂ ಸೆಲ್ವಿಗೂ. ಆಗ ದೇಹದ ರಿಪೇರಿ ಕಿಣ್ವಗಳು ಬಂದು ಆ ಜಾಗದ ಎರಡೂ ಬದಿಗೆ ಎಳೆಯನ್ನು ಕತ್ತರಿಸಿ, ಕೆಟ್ಟ ತುಣುಕನ್ನು ತೆಗೆದು ಹಾಕುತ್ತವೆ. ಒಂದು ಬದಿಗೆ ಒಂದು ಕತ್ತರಿ, ಇನ್ನೊಂದು ಬದಿಗೆ ಬೇರೊಂದು. ಖಾಲಿಯಾದ ಜಾಗಕ್ಕೆ ಹೊಸದನ್ನು ತುಂಬಿ ಹೊಲಿಯುವವರು ಬೇರೆ. ನನ್ನಲ್ಲಿ ಕೆಟ್ಟಿರುವುದು ಮೊದಲನೆಯ ಕತ್ತರಿ. ಅದು ಎರಡು ಪ್ರೋಟೀನುಗಳ ಜೋಡಿ. ನೋಡಲು ಎರಡೂ ಒಂದೇ ಮನೆಯವು, ಮಡಿಕೆಗಳೂ ಒಂದೇ ಥರ. ಒಂದಕ್ಕೆ ಮಾತ್ರ ಅಲಗಿದೆ. ಅಲಗೆಂದರೆ ಲೋಹದ ಕಣವನ್ನು ಹಿಡಿದಿಟ್ಟುಕೊಂಡ ಒಂದು ಪುಟ್ಟ ತಗ್ಗು. ಎಳೆ ತುಂಡಾಗುವುದು ಅಲ್ಲಿಯೇ. ಇನ್ನೊಂದರಲ್ಲಿ ಆ ತಗ್ಗು ಬರಿದು. ಅದು ಏನನ್ನೂ ಕತ್ತರಿಸುವುದಿಲ್ಲ. ಎಳೆಯನ್ನೂ ಜೊತೆಗಾರನನ್ನೂ ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸುತ್ತದೆ. ಬಿಡಿಸಿದರೆ ಎರಡೂ ಉಳಿಯುವುದಿಲ್ಲ. ನನಗೆ ಅಲಗಿನ ಪ್ರೋಟೀನನ್ನು ಬರೆಯುವ ಜೀನಿನ ಎರಡು ಪ್ರತಿಯಲ್ಲೂ ಒಂದೇ ತಪ್ಪು. ಆದರೂ ಅಲಗು ಪೂರ್ತಿ ಹೋಗಿಲ್ಲ, ಹಾಗಾಗಿ ಕೆಲಸ ನಡೆಯುತ್ತದೆ, ಬಹಳ ಮೆಲ್ಲಗೆ. ನಾಣಿಗೆ ಒಂದು ಪ್ರತಿ ಕೆಟ್ಟಿದೆ, ಒಂದು ಚೆನ್ನಾಗಿದೆ. ಒಂದು ಸಾಕು.

ನಾಣಿ ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ. "ಅಂಗಾದ್ರೆ ಈ ಎರಡನೇದು ಸುಮ್ನೆ ಇಡ್ಕೊಂಡಿರ್ತೈತಾ?"

"ಹೌದು."

"ಮೇವು ಕತ್ತರಿಸೋವಾಗ ಒಬ್ರು ಕಂತೆ ಇಡ್ಕೊಬೇಕಲ್ಲ, ಅಂಗೆ." ಆಮೇಲೆ, ಏನೋ ಗಳಿಸಿಕೊಂಡವನ ಹಾಗೆ ಹೇಳಿದ: "ನಂದೂ ಅರ್ಧ ಕೆಟ್ಟೈತಂತೆ ಕಣಣ್ಣ."

ಆ ಮಾತಿಗೆ ನನಗೆ ಸಮಾಧಾನವಾಗಬೇಕಿತ್ತು. ಬಯಸಿದ್ದು ಕಾಗದದ ಮೇಲೆ ಸಿಕ್ಕಿತ್ತಲ್ಲ. ಅರ್ಧ ಕೆಟ್ಟೂ ಆ ಬೆನ್ನು ಹಾಗಿದೆಯಲ್ಲ ಎಂದು ಇನ್ನಷ್ಟು ಉರಿಯಿತು.

ಹಿರಿಯ ಡಾಕ್ಟರು ಹೇಳಿದ ಇನ್ನೊಂದು ವಿಷಯ ಕೇಳಿದ ಮೇಲೆ ಬೆನ್ನು ಮರೆತುಹೋಯಿತು. ಈ ಜೀನು ಕೆಟ್ಟ ಕೆಲವರಿಗೆ ವಯಸ್ಸಾದಂತೆ ನರಗಳೂ ಮೆದುಳೂ ಸವೆಯುತ್ತವೆ. ನಡಿಗೆ ತಪ್ಪುತ್ತದೆ, ನೆನಪು ಹೋಗುತ್ತದೆ. ಎಲ್ಲರಿಗೂ ಅಲ್ಲ. ನಿಮಗೆ ಆಗುತ್ತದೋ ಇಲ್ಲವೋ ಈಗಲೇ ಹೇಳಲಾರೆವು, ವರ್ಷಕ್ಕೊಮ್ಮೆ ನೋಡೋಣ.

ನನಗೆ ಅಜ್ಜಿ ನೆನಪಾದಳು. ಕಾಮಸಮುದ್ರದ ಆಚೆ, ಗಡಿಯ ಹತ್ತಿರದ ಊರಿಗೆ ಮದುವೆಯಾಗಿ ಹೋಗಿ, ತೆಲುಗು ಮಾತು ಹಿಡಿದುಕೊಂಡು ತವರಿಗೆ ವಾಪಸು ಬಂದ ಅಜ್ಜಿ. ಮುಖದ ಮೇಲೆ ರಾಗಿ ಚೆಲ್ಲಿದ ಹಾಗೆ ಮಚ್ಚೆ. ತಲೆಯ ಮೇಲಿನಿಂದ ಹಣೆಯವರೆಗೆ ಎಳೆದ ಸೆರಗು. ಕಡೆಗಾಲದಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಳು. ತನ್ನ ಮಗಳನ್ನೇ ನೀನು ಯಾರ ಮನೆಯವಳಮ್ಮ ಎಂದು ಕೇಳುತ್ತಿದ್ದಳಂತೆ. ಅಂತೆ, ಏಕೆಂದರೆ ಅವಳ ಕೊನೆಯ ಎರಡು ವರ್ಷ ನಾನು ಬೆಂಗಳೂರಿನ ಹಾಸ್ಟೆಲ್ಲಿನಲ್ಲಿದ್ದೆ. ಅವಳಿಗೆ ಉಣ್ಣಿಸಿದವನು, ಸ್ನಾನಕ್ಕೆ ನೀರು ಇಟ್ಟವನು ನಾಣಿ.

ಅಂದಿನಿಂದ ಗಂಟುಗಳ ಭಯ ಹೋಗಿ ಈ ಭಯ ಬಂತು. ಕ್ಲಾಸಿನಲ್ಲಿ ಒಬ್ಬ ಹುಡುಗಿಯ ಹೆಸರು ಬಾಯಿಗೆ ಬರದೆ ನಿಂತೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದೆ; ಆರಿಸಿದ್ದೆ. ಶೈಲಜಾ "ನಂಗೂ ಹಂಗೇ ಆಗುತ್ತೆ ರೀ, ನಂಗ್ಯಾವ ಜೀನು?" ಎಂದಳು. ಆಸ್ಪತ್ರೆಯವರು ಐದು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಐದನ್ನೂ ಹೇಳಿದೆ. ಗಡಿಯಾರ ಬರೆಸಿದರು. ಬರೆದೆ. ನನಗೆ ನಂಬಿಕೆ ಬರಲಿಲ್ಲ. ಹತ್ತು ನಿಮಿಷದ ಹಿಂದಿನದನ್ನು ನೆನಪಿಟ್ಟರೆ ನಲವತ್ತು ವರ್ಷದ ಹಿಂದಿನದು ಸರಿಯಾಗಿದೆ ಎಂದು ಹೇಗೆ ಹೇಳುವುದು? ಅದಕ್ಕೆ ನಾನೇ ಒಂದು ಪರೀಕ್ಷೆ ಮಾಡಿಕೊಂಡೆ. ನೋಟ್‌ಬುಕ್ಕಿನಲ್ಲಿ ಚಿಕ್ಕಂದಿನ ನೆನಪುಗಳನ್ನು ಒಂದೊಂದಾಗಿ ಬರೆಯುವುದು, ನಾಣಿಯ ಹತ್ತಿರ ಹೋಗಿ ಸರಿ ತಪ್ಪು ಹಾಕಿಸಿಕೊಳ್ಳುವುದು.

ಯಾವನ ಬೆನ್ನು ನೋಡಿ ಉರಿಯುತ್ತಿದ್ದೆನೋ ಅವನೇ ಈಗ ನನ್ನ ಮಾಸ್ತರು. ಸಂಜೆ ಹೊತ್ತು ಮುಳುಗಿದ ಮೇಲೆ ಹೋಗುತ್ತಿದ್ದೆ. ಅವನು ಹಾಲು ಕರೆಯುತ್ತಾ, ಹಸುವಿನ ಪಕ್ಕೆಗೆ ಹಣೆ ಕೊಟ್ಟು ಕೇಳಿಸಿಕೊಳ್ಳುತ್ತಿದ್ದ.

"ಅಮ್ಮ ಬಳೆ ಇಟ್ಟುಕೊಳ್ಳುತ್ತಿದ್ದ ಡಬ್ಬಿ ಹಸಿರು."

"ಸರಿ."

"ನೀನು ಹುಣಸೆ ಮರದಿಂದ ಬಿದ್ದದ್ದು ಎಡಗೈ ಮೇಲೆ."

"ಸರಿ. ಇಗೋ ಗುರ್ತು. ನಿಂಗೆ ಚೆನ್ನಾಗೇ ಗ್ಯಾಪ್ಕ ಐತೆ ಬುಡಣ್ಣ."

ಹಾಗೆ ಇಪ್ಪತ್ತಾರು ಸರಿಗಳು ಬಂದವು. ಇಪ್ಪತ್ತೇಳನೆಯದು ಕೆಂದು ಹಸು. ಕೆರೆ ಏರಿ, ಬಂಡೆ, ತಂಗಳು ಮುದ್ದೆ, ಅಟ್ಟಿಸಿಕೊಂಡು ಬಂದ ಯಜಮಾನ. ಓದಿ ಮುಗಿಸಿದೆ. ಹಾಲು ಬೀಳುವ ಸದ್ದು ನಿಂತಿತು.

"ಅಣ್ಣ, ಅದು ಬ್ಯಾಡ."

"ಏನು ಬೇಡ?"

"ನೀನು ದನ ಕಾಯ್ದಿಲ್ಲ ಕಣಣ್ಣ. ಒಂದ್ ದಿನಾನೂ."

ಬಂಡೆಯ ಬಿಸಿ ನನ್ನ ತೊಡೆಗೆ ತಿಳಿದಿದೆ, ಮುರಿದ ಕೊಂಬು ಯಾವ ಕಡೆಯದೆಂದು ಹೇಳಬಲ್ಲೆ. ಎಡಗಡೆಯದು. ಬಂತು, ಅಜ್ಜಿಗೆ ಬಂದದ್ದು ಬಂತು ಎಂದುಕೊಂಡೆ.

"ಮತ್ತೆ ಇದೆಲ್ಲ ನನಗೆ ಹೇಗೆ ಗೊತ್ತು?"

"ನಾನ್ ಯೋಳಿದ್ದು." ಅವನು ಹಾಲಿನ ಬಕೆಟ್ಟು ಪಕ್ಕಕ್ಕಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡ. "ದಿನಾ ಸಂಜೆ ನಾನ್ ಬರೋದೇ ತಡ, ನೀನು ಬಾಗ್ಲಾಗೆ ನಿಂತ್ಕೊಂಡು ಏನಾತು ಏನಾತು ಅಂತ ಪ್ರಾಣ ತಿಂತಿದ್ದೆ. ಅಸು ಎಲ್ಲಿ ಓತು, ಬಂಡೆ ಎಷ್ಟ್ ಬಿಸಿ ಇತ್ತು, ಮುದ್ದೆ ಎಲ್ ಕುಂತ್ಕೊಂಡು ತಿಂದೆ. ಯೋಳ್ದಿದ್ರೆ ಮುನಿಸ್ಕೊಂತಿದ್ದೆ. ಅಜ್ಜಿ ನಿನ್ನ ಆಚೆ ಬುಡ್ತಾನೇ ಇರ್‍ಲಿಲ್ವಲ್ಲ."

ಅಜ್ಜಿಯ ದನಿ ಆಗ ನನಗೆ ಕೇಳಿಸಿತು. ಹೊಸ್ತಿಲು ದಾಟಿದರೆ ಸಾಕು, ಒಳಗಿನಿಂದ: "ಎಂಡ ನಾಯನಾ, ಲೋಪಲಿಕಿ ರಾ." ಬಿಸಿಲು, ಮಗನೇ, ಒಳಗೆ ಬಾ. ಅದು ನನಗೆ ನೆನಪಿತ್ತು. ಅವಳು ಇಬ್ಬರನ್ನೂ ಕರೆಯುತ್ತಿದ್ದಳೆಂದು ನನ್ನ ನೆನಪು.

"ನನ್ನ ಕರೀತಿರ್‍ಲಿಲ್ಲ" ಎಂದ ನಾಣಿ. "ನಿಂಗೆ ನಾಕ್ ವರ್ಸ ಇದ್ದಾಗ ಮಕ ಎಲ್ಲಾ ಬೊಬ್ಬೆ ಬಂದಿತ್ತಂತೆ. ಅಜ್ಜಿ ನೋಡ್ದೋಳೇ, ಇದು ನನ್ ಚರ್ಮ, ಈ ಮಗೂನ ಬಿಸಿಲಿಗೆ ಆಕ್ಬೇಡ್ರಿ ಅಂದ್ಳಂತೆ. ಅಮ್ಮ ಯೋಳ್ತಿದ್ಲು. ಅಲ್ಲಿಂದ ನಿಂಗೆ ಮನೆ ಒಳಗೆ ಪುಸ್ತಕ, ನಂಗೆ ದನ. ನಾನೂ ಸ್ಕೂಲಾಗೆ ಮಂಕೇನಲ್ಲ. ದನಕ್ ಯಾರಾನಾ ಓಗ್ಬೇಕಿತ್ತಲ್ಲ."

ಅವನು ನಗುತ್ತಲೇ ಹೇಳಿದ: "ಒಟ್ಟೆ ಉರ್‍ಕೊಂತಿದ್ದೆ ಕಣಣ್ಣ ನಿನ್ ಮ್ಯಾಲೆ. ನೀನು ನೆರಳಾಗೆ ಕುಂತ್ಕೊಂಡು, ಕಾಲ್ ಮಡ್ಚ್ಕೊಂಡು, ಓದ್ತಾ ಇರ್ತಿದ್ದೆ. ನಾನು ಆ ಬಂಡೆ ಮ್ಯಾಲೆ ಕುಂತ್ಕೊಂಡು ಅದನ್ನೇ ನೆನ್ಸ್ಕೊಂತಿದ್ದೆ."

"ಡಾಕ್ಟರ ಮುಂದೆ ಯಾಕೆ ಹೇಳಲಿಲ್ಲ?"

"ಅಷ್ಟ್ ಜನದ ಮುಂದೆ ಎಂಗ್ ಯೋಳ್ಲಿ. ಅಜ್ಜಿ ಇಸ್ಯಕ್ಕೇ ಒಂದ್ಸಲ ನಿನ್ ಮಾತು ತಿದ್ದಿದ್ದೆ. ಆಗ್ಲೇ ನೀನು ಮಕ ಸಣ್ಣಗ್ ಮಾಡ್ಕೊಂಡಿದ್ದೆ."

ಮಾರನೇ ವಾರವೇ ಆಸ್ಪತ್ರೆಗೆ ಹೋದೆ, ಒಬ್ಬನೇ. ಎಲ್ಲವನ್ನೂ ಹೇಳಿದೆ. ಇದು ಮೆದುಳು ಸವೆಯುವುದರ ಮೊದಲ ಲಕ್ಷಣ ಇರಬೇಕು, ಬರೆದುಕೊಳ್ಳಿ ಎಂದೆ. ಡಾಕ್ಟರು ಪೆನ್ನು ತೆಗೆಯಲಿಲ್ಲ. ನಿಮ್ಮ ಸ್ಕ್ಯಾನು ಸರಿಯಿದೆ, ನಡಿಗೆ ಸರಿಯಿದೆ, ಪರೀಕ್ಷೆಗಳೆಲ್ಲ ಸರಿಯಿವೆ ಎಂದರು.

"ಸರ್, ಪದೇ ಪದೇ ಕೇಳಿದ್ದನ್ನ ನಾವೇ ಮಾಡಿದ್ದು ಅಂದ್ಕೊಳ್ಳೋದು ಎಲ್ಲರೂ ಮಾಡ್ತಾರೆ. ಅದರಲ್ಲೂ ಆಸೆಪಟ್ಟಿದ್ದನ್ನ. ಅದು ಈ ಕಾಯಿಲೆಯಿಂದಲ್ಲ."

"ಖಚಿತವೇ?"

"ಇವತ್ತಿಗೆ ಖಚಿತ. ಮುಂದಿನ ವರ್ಷ ಮತ್ತೆ ನೋಡೋಣ." ಆಮೇಲೆ ಹಳೆಯ ಹಾಳೆ ತೆಗೆದು, ದನ ಕಾಯುತ್ತಿದ್ದರು ಎಂದು ಬರೆದಿದ್ದ ಸಾಲನ್ನು ಹೊಡೆದು ಹಾಕಿದರು. "ನನಗೆ ಅದೇ ಅರ್ಥ ಆಗಿರಲಿಲ್ಲ. ಅಷ್ಟು ಬಿಸಿಲು ಬಿದ್ದಿದ್ರೆ ಇಪ್ಪತ್ತು ವಯಸ್ಸಿಗೇ ಇಲ್ಲಿ ಬಂದಿರ್ತಿದ್ರಿ. ನಿಮ್ಮಜ್ಜಿ ನಿಮ್ಮನ್ನ ಉಳಿಸಿದಾರೆ."

ಹೊರಗೆ ಬಂದು ಕಾಯುವ ಕೋಣೆಯ ಬೆಂಚಿನ ಮೇಲೆ ಕೂತೆ. ಮೆದುಳು ಸರಿಯಿದೆ ಎಂದರೆ ಕುಣಿಯಬೇಕಿತ್ತು. ಕಾಯಿಲೆಯೇ ಆಗಿದ್ದರೆ ಒಂದು ನೆಪವಾದರೂ ಇರುತ್ತಿತ್ತು ಅನ್ನಿಸಿತು. ತಮ್ಮನ ಶಾಲೆ ನಿಂತದ್ದು ನನ್ನ ನೆರಳಿಗಾಗಿ. ಅವನಿಗೆ ಉಳಿದದ್ದು ಆ ಬಂಡೆ, ಆ ಹಸು. ಅದನ್ನೂ ಸಂಜೆ ಸಂಜೆ ಬಾಗಿಲಲ್ಲಿ ನಿಂತು ಕೇಳಿ ಕೇಳಿ ತೆಗೆದುಕೊಂಡು ನನ್ನದು ಮಾಡಿಕೊಂಡಿದ್ದೆ. ಕಷ್ಟಪಟ್ಟು ಬಿಸಿಲಿನಲ್ಲಿ ಬೆಂದು ಓದಿದವನು ನಾನು ಎಂದು ಎಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದೆನೋ.

ಸಂಜೆ ರೈಲು ಬಂಗಾರಪೇಟೆಗೆ ಬಂದಾಗ ಹೊತ್ತು ಮುಳುಗಿತ್ತು. ನಾಣಿ ಕರೆದುಕೊಂಡು ಹೋಗಲು ಗಾಡಿ ತಂದಿದ್ದ. ಹೆಲ್ಮೆಟ್ಟು ತೆಗೆದು ಮುಖಕ್ಕೆ ಗಾಳಿ ಬಿಟ್ಟುಕೊಂಡೆ. ಈ ಕಾಯಿಲೆಯವರಿಗೆ ದಿನದಲ್ಲಿ ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ರಸ್ತೆ ಬದಿ ನಿಂತು ಪಾನಿಪುರಿ ತಿಂದೆವು, ನಮ್ಮ ಬಂಗಾರಪೇಟೆಯ ತಿಳಿನೀರಿನದು, ಕಣ್ಣಲ್ಲಿ ನೀರು ಬರುವಷ್ಟು ಖಾರ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವನು ಒಂದು ಪುರಿ ಬಾಯಿಗಿಟ್ಟುಕೊಂಡು ತಲೆಯಾಡಿಸಿದ. ನುಂಗಿದ ಮೇಲೆ ಹೇಳಿದ:

"ಅಜ್ಜಿ ಒಂದ್ಸಲ ನನ್ನೂ ಕರೆದ್ಲು ಕಣಣ್ಣ. ಒಂದ್ಸಲ ಅಲ್ಲ, ಕೊನೇಲಿ ದಿನಾ. ನೀನು ಆಸ್ಟೆಲ್ಲಾಗೆ ಇದ್ದಾಗ. ನಾನು ಅಂಗಳದಾಗೆ ಏನಾನಾ ಮಾಡ್ತಿದ್ರೆ, ನೀನೇ ಅಂದ್ಕೊಂಡು, ಮುನೀ, ಎಂಡ ನಾಯನಾ, ಲೋಪಲಿಕಿ ರಾ ಅನ್ನೋಳು."

"ನಾನು ಮುನಿ ಅಲ್ಲ ಅನ್ನಲಿಲ್ಲವೇ?"

"ಯಾಕನ್ಲಿ? ಒಳಕ್ಕೋಗಿ ಕುಂತ್ಕೊಂತಿದ್ದೆ."

ಈಗ ಮೂರನೆಯ ಗಂಟನ್ನೂ ತೆಗೆದಿದ್ದಾರೆ, ಕಿವಿಯ ಮೇಲಿನದು. ನಾಲ್ಕನೆಯದು ಬರಬಹುದು. ಈ ವರ್ಷದ ಐದು ಪದಗಳನ್ನೂ ಹೇಳಿದ್ದೇನೆ. ಹೊಸದಾಗಿ ಈ ಕಾಯಿಲೆ ಗೊತ್ತಾದವರಿಗೆ ಹೇಳುವುದು ಇಷ್ಟೇ: ಹೊಟ್ಟೆಕಿಚ್ಚು ಬರುತ್ತದೆ, ಮನೆಯವರ ಮೇಲೆಯೇ ಬರುತ್ತದೆ, ನೀವೊಬ್ಬರೇ ಅಲ್ಲ. ನನಗೆ ಪೂರ್ತಿ ಹೋಗಿಲ್ಲ. ನಾಣಿಯ ಬೆನ್ನು ನೋಡಿದರೆ ಇವತ್ತಿಗೂ ಒಳಗೆ ಚುರ್ ಎನ್ನುತ್ತದೆ.

ಹೋದ ಭಾನುವಾರ ಊರಿನಲ್ಲಿದ್ದೆ. ಹನ್ನೆರಡು ಗಂಟೆ ಇರಬೇಕು. ನಾನು ನಡುಮನೆಯಲ್ಲಿ, ಅವನು ಅಂಗಳದಲ್ಲಿ ಟೊಮೊಟೊ ಕ್ರೇಟುಗಳನ್ನು ಜೋಡಿಸುತ್ತಿದ್ದ. ಬಾಗಿಲಿನ ಪರದೆಯ ಹಿಂದೆ ನಿಂತು ಕರೆದೆ: "ನಾಣೀ, ಎಂಡ ನಾಯನಾ, ಲೋಪಲಿಕಿ ರಾ."

ಅವನು ಬಗ್ಗಿದವನು ಹಾಗೆಯೇ ನಿಂತ. "ಕ್ರೇಟ್ ಯಾರ್ ಎತ್ತಾಕ್ತಾರೆ, ನೀನಾ?" ಎಂದ. ಆದರೂ ಬಂದ. ಗೋಡೆಗೆ ಒರಗಿ, ಕಾಲು ಮಡಚಿಕೊಂಡು ಕೂತ. ಒಂದು ಲೋಟ ಮಜ್ಜಿಗೆ ಕುಡಿದ. ಲಾರಿಯ ಹಾರನ್ನು ಕೇಳಿಸಿದ ಮೇಲೆ ಎದ್ದು ಹೋದ. ಅವನು ಒರಗಿದ್ದ ಕಡೆ ಗೋಡೆಯ ಮೇಲೆ ಬೆನ್ನಿನ ಆಕಾರಕ್ಕೆ ಬೆವರಿನ ಗುರುತು ಉಳಿದಿತ್ತು. ಅದು ಒಣಗುವವರೆಗೆ ನಾನು ಅಲ್ಲೇ ಕೂತಿದ್ದೆ.